ಹಾರನ್ ಹೊಡೆದಿದ್ದೆ, ಆದರೂ ತಾಗಿತು: ಸೈಕಲ್ ದಾಟುವುದು ಹೇಗೆ?

ಬೋಗಾದಿ ಕಾರಿನವ | ಸೋಮವಾರ, ಬೆಳಿಗ್ಗೆ 10.20

ಇಪ್ಪತ್ತೆರಡು ವರ್ಷಗಳಿಂದ ಕಾರು ಓಡಿಸುತ್ತಿದ್ದೇನೆ. ಇದುವರೆಗೆ ಯಾರಿಗೂ ತಾಗಿಸಿದವನಲ್ಲ. ನಿನ್ನೆ ತಾಗಿಸಿದೆ.

ಬೆಳಿಗ್ಗೆ ಆರೂಕಾಲಿರಬೇಕು. ಮೈಸೂರಿನ ಬೋಗಾದಿ ರಸ್ತೆಯಲ್ಲಿ ಊರಿನ ಕಡೆಗೆ ಬರುತ್ತಿದ್ದೆ. ಮುಂದೆ ಸೊಪ್ಪು ಮಾರುವ ಯಜಮಾನರೊಬ್ಬರು, ಹಿಂದಿನ ಕ್ಯಾರಿಯರ್ ಮೇಲೆ ಗೋಣಿಚೀಲದಷ್ಟು ಅಗಲದ ಮೂಟೆ. ರಸ್ತೆ ಖಾಲಿ ಇತ್ತು. ಎರಡು ಸಲ ಹಾರನ್ ಹೊಡೆದು ಪಕ್ಕದಲ್ಲೇ ದಾಟಿದೆ. ಎಡಗನ್ನಡಿ ಮೂಟೆಗೆ ಸಿಕ್ಕಿತು. ಅವರು ಬಿದ್ದರು. ಮೊಣಕಾಲು ತರಚಿತು, ಅಂಗೈ ಸ್ವಲ್ಪ ಕಿತ್ತಿತು, ದೇವರ ದಯೆ, ಅಷ್ಟರಲ್ಲೇ ಮುಗಿಯಿತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪಟ್ಟಿ ಹಾಕಿಸಿ ಮನೆಗೆ ಬಿಟ್ಟು ಬಂದೆ. ದಂಟು, ಕೀರೆ, ಸಬ್ಬಸಿಗೆ ಎಲ್ಲ ರಸ್ತೆಯ ಮೇಲೆ ಹರಡಿತ್ತು. ಅವರಿಗೆ ಮೊಣಕಾಲಿಗಿಂತ ಸೊಪ್ಪಿನ ಚಿಂತೆಯೇ ಹೆಚ್ಚು. ಅದರ ದುಡ್ಡು ಕೊಟ್ಟೆ.

ಆದರೆ ದಾರಿಯಲ್ಲಿ ಅವರು ಹೇಳಿದ ಮಾತು ನಿನ್ನೆಯಿಂದ ನಿದ್ದೆ ಕೆಡಿಸಿದೆ. “ನೀವು ಹಾರನ್ ಹೊಡೆದಿರಲ್ಲ ಸ್ವಾಮಿ, ಅದಕ್ಕೇ ತಿರುಗಿ ನೋಡಿದೆ. ಕತ್ತು ತಿರುಗಿದ ಕಡೆ ಹ್ಯಾಂಡಲ್ಲೂ ತಿರುಗಿತು.”

ಹಾರನ್ ಹೊಡೆದರೆ ನನ್ನ ಕರ್ತವ್ಯ ಮುಗಿಯಿತು ಎಂದೇ ಇಷ್ಟು ವರ್ಷ ನಂಬಿದ್ದೆ. ಪರವಾನಗಿಗಾಗಿ ಎಂಟು ಹಾಕಿಸಿದರು, ಹಿಮ್ಮುಖ ಓಡಿಸಲು ಹೇಳಿದರು. ಸೈಕಲ್ ದಾಟುವುದು ಹೇಗೆ ಎಂದು ಯಾರೂ ಹೇಳಿಕೊಡಲಿಲ್ಲ. ನಾನೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ, ತಿಳಿದವರು ಹೇಳಿ.

ನೇರ ಮಾತು | ಸೋಮವಾರ, ಬೆಳಿಗ್ಗೆ 10.52

ನಿಮ್ಮ ಒಳ್ಳೆಯತನ ಮೆಚ್ಚಿದೆ, ಆದರೆ ತಪ್ಪೆಲ್ಲ ನಿಮ್ಮದೇ ಎಂದು ಹೊತ್ತುಕೊಳ್ಳಬೇಡಿ. ಸೈಕಲ್ಲಿನವರಿಗೆ ಹಿಂದೆ ದೀಪವಿಲ್ಲ, ಬೆಲ್ಲಿಲ್ಲ, ಕೈ ತೋರಿಸುವ ಅಭ್ಯಾಸವಿಲ್ಲ. ಮೂಟೆ ಕಟ್ಟಿಕೊಂಡು ನಡುರಸ್ತೆಯಲ್ಲಿ ತೇಲುತ್ತಾರೆ. ನಮ್ಮ ತಂದೆಯ ಕಾಲದಲ್ಲಿ ಸೈಕಲ್ಲಿಗೆ ಪರವಾನಗಿಯ ಬಿಲ್ಲೆ ಇರಬೇಕಿತ್ತು, ರಾತ್ರಿ ಡೈನಮೋ ಇಲ್ಲದಿದ್ದರೆ, ಡಬಲ್ ಕೂರಿಸಿಕೊಂಡರೆ ಪೊಲೀಸರು ಹಿಡಿದು ಗಾಳಿ ಬಿಡುತ್ತಿದ್ದರಂತೆ. ಈಗ ಯಾವ ಕಟ್ಟೂ ಇಲ್ಲ. ಹಾರನ್ ಹೊಡೆಯದೇ ದಾಟಿದ್ದರೆ “ಹಾರನ್ ಹೊಡೆಯಬಾರದಾಗಿತ್ತೇ” ಎಂದು ಕೇಳುತ್ತಿದ್ದರು.

ಡಿಪೋ ಹಳಬ | ಸೋಮವಾರ, ಮಧ್ಯಾಹ್ನ 1.15

ನಾನು ಮೂವತ್ತೊಂದು ವರ್ಷ ಬಸ್ ಓಡಿಸಿ ನಿವೃತ್ತನಾದವನು. ಮೈಸೂರು ನಗರ ಸಾರಿಗೆಯಲ್ಲಿ ಹೆಚ್ಚು, ಕೊನೆಯ ಆರು ವರ್ಷ ಮಂಡ್ಯ, ನಾಗಮಂಗಲ ಕಡೆ.

ನಮಗೆ ತರಬೇತಿ ಕೊಟ್ಟ ಮೇಷ್ಟ್ರು ಮೊದಲ ವಾರ ಸ್ಟಿಯರಿಂಗ್ ಮುಟ್ಟಲು ಬಿಟ್ಟಿರಲಿಲ್ಲ. ಬಸ್ಸಿನ ಎಡಮಗ್ಗುಲಲ್ಲಿ ಎರಡೂ ಕೈ ಚಾಚಿ ನಿಂತರು. ಒಂದು ಬೆರಳ ತುದಿ ಬಸ್ಸಿನ ತಗಡಿಗೆ ತಾಗಿತ್ತು. ಇನ್ನೊಂದು ಬೆರಳ ತುದಿಯ ಹತ್ತಿರ ಒಬ್ಬ ಹುಡುಗನನ್ನು ಸೈಕಲ್ ಹಿಡಿದು ನಿಲ್ಲಿಸಿದರು. “ಇದು ಒಂದು ಮಾರು. ಸೈಕಲ್ ದಾಟುವಾಗ ಇಷ್ಟು ಬಿಡು. ಬಿಡಲು ಜಾಗವಿಲ್ಲವೇ, ಅವನ ಹಿಂದೆ ಹೋಗು. ಮೂರನೆಯ ದಾರಿ ಇಲ್ಲ” ಎಂದರು.

ಯಾಕೆ ಮಾರು, ಯಾಕೆ ಮೊಳವಲ್ಲ ಎಂದು ನಮ್ಮಲ್ಲೊಬ್ಬ ಕೇಳಿದ. ಮೇಷ್ಟ್ರು ಆ ಸೈಕಲ್ ಹುಡುಗನಿಗೆ ನೆಲದ ಮೇಲೆ ಬಸ್ಸಿನ ಕಡೆ ತಲೆ ಮಾಡಿ ಮಲಗಲು ಹೇಳಿದರು. ತಲೆ ಬಸ್ಸಿನ ಚಕ್ರದ ಪಕ್ಕಕ್ಕೆ ಬಂತು. ಮನುಷ್ಯನ ಮಾರೂ ಅವನ ಎತ್ತರವೂ ಹೆಚ್ಚುಕಡಿಮೆ ಒಂದೇ ಅಲ್ಲವೇ? ಸೈಕಲ್ಲಿನವನು ಬಲಕ್ಕೆ ಬಿದ್ದರೂ ತಲೆ ಚಕ್ರದ ಕೆಳಗೆ ಬರಬಾರದು, ಲೆಕ್ಕ ಅಷ್ಟೇ. ಅವತ್ತಿನಿಂದ ನನಗೆ ಸೈಕಲ್ ಕಂಡರೆ ಮಲಗಿದ್ದ ಆ ಹುಡುಗನೇ ಕಣ್ಣ ಮುಂದೆ ಬರುತ್ತಿದ್ದ.

ದೊಡ್ಡ ಗಾಡಿಯವರಿಗೆ ಎರಡು ಮಾತು. ಒಂದು, ಮೂತಿ ದಾಟಿದ ಕೂಡಲೇ ಎಡಕ್ಕೆ ಎಳೆಯಬೇಡಿ. ಬಸ್ಸು ಹನ್ನೆರಡು ಮೀಟರ್ ಉದ್ದ. ನಲವತ್ತರ ವೇಗದಲ್ಲಿರುವ ಬಸ್ಸು ಹದಿನೈದರಲ್ಲಿ ಹೋಗುವ ಸೈಕಲ್ಲನ್ನು ಪೂರ್ತಿ ದಾಟಲು ಎರಡು ಸೆಕೆಂಡು ಬೇಕು. ಡ್ರೈವರ್ ಒಂದೇ ಸೆಕೆಂಡಿಗೆ ಮುಗಿಯಿತು ಎಂದುಕೊಂಡರೆ ಹಿಂದಿನ ಚಕ್ರ ಸೈಕಲ್ಲಿನವನನ್ನು ಅಂಚಿಗೆ ಒತ್ತುತ್ತದೆ. ಎಡಕ್ಕೆ ತಿರುಗುವಾಗಲೂ ಹಾಗೆಯೇ, ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನದು ಹೋಗುವುದಿಲ್ಲ, ಒಳಗೆ ಕೊಯ್ದುಕೊಂಡು ಬರುತ್ತದೆ. ಆ ಒಳಭಾಗದಲ್ಲಿ ಸೈಕಲ್ ಇದ್ದರೆ ಕನ್ನಡಿಯಲ್ಲಿ ಕಾಣುವುದೂ ಇಲ್ಲ.

ಎರಡನೆಯದು, ಮುಂದೆ ಸ್ಟಾಪ್ ಇದ್ದರೆ ಸೈಕಲ್ ದಾಟಲೇಬೇಡಿ. ದಾಟಿ, ಅವನ ಮೂಗಿನ ಮುಂದೆಯೇ ಎಡಕ್ಕೆ ಎಳೆದು ನಿಲ್ಲಿಸುವುದು ನಮ್ಮವರ ಹಳೆಯ ಚಾಳಿ. ನಾನೂ ಮಾಡಿದ್ದೇನೆ, ಬೈಸಿಕೊಂಡಿದ್ದೇನೆ.

ಬೆಳಗಿನ ಬೆಟ್ಟ | ಸೋಮವಾರ, ರಾತ್ರಿ 8.40

ಹಳಬರ ಮಾರಿನ ಮಾತಿಗೆ ನಮಸ್ಕಾರ. ಹೊರದೇಶಗಳ ಕಾನೂನೂ ಸುತ್ತಿ ಬಳಸಿ ಅಲ್ಲಿಗೇ ಬಂದಿದೆ. ಸ್ಪೇನ್‌ನಲ್ಲಿ ಒಂದೂವರೆ ಮೀಟರ್. ಜರ್ಮನಿಯಲ್ಲಿ 2020ರಿಂದ ಊರೊಳಗೆ ಒಂದೂವರೆ, ಊರ ಹೊರಗೆ ಎರಡು ಮೀಟರ್. ನಾಲ್ಕು ಮೊಳಕ್ಕೆ ಒಂದು ಮಾರು ಎಂದರೆ ಆರಡಿ, ಅಂದರೆ ಸುಮಾರು 1.8 ಮೀಟರ್. ಮೇಷ್ಟ್ರು ನಡುವಿನ ಅಳತೆ ಹಿಡಿದಿದ್ದರು.

ನಾನು ವಾರಕ್ಕೆ ಮೂರು ದಿನ ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟ ಹತ್ತುತ್ತೇನೆ, ಉಳಿದ ದಿನ ಅದೇ ಸೈಕಲ್ಲಿನಲ್ಲಿ ಹೆಬ್ಬಾಳದ ಕಾರ್ಖಾನೆಗೆ. “ತೇಲುತ್ತಾರೆ” ಎಂದಿದ್ದಾರಲ್ಲ, ಅದಕ್ಕೆ ಉತ್ತರ ಕೊಡಬೇಕು. ಸೈಕಲ್ ತೇಲದೆ ನಿಲ್ಲುವುದೇ ಇಲ್ಲ. ಎರಡು ಚಕ್ರದ ಮೇಲೆ ಬೀಳದೆ ಇರುವುದೆಂದರೆ ಪ್ರತಿ ಕ್ಷಣವೂ ಬೀಳುತ್ತಿರುವ ಕಡೆಗೆ ಹ್ಯಾಂಡಲ್ ತಿರುಗಿಸಿ ಸರಿಪಡಿಸಿಕೊಳ್ಳುವುದು. ವೇಗವಿದ್ದಾಗ ಆ ತೂಗಾಟ ಬೆರಳಗಲ, ನಿಧಾನವಾದಾಗ, ಏರಿನಲ್ಲಿ, ಹಿಂದೆ ಮೂಟೆ ಇದ್ದಾಗ ಒಂದು ಗೇಣಿಗೂ ಮೀರುತ್ತದೆ. ಕುಡಿದವನ ಹಾಗೆ ಕಾಣುವುದು ಅದಕ್ಕೇ.

ಇನ್ನೊಂದು ವಿಚಿತ್ರವಿದೆ, ಸೈಕಲ್ ತುಳಿಯುವವರಿಗೇ ಗೊತ್ತಿರುವುದಿಲ್ಲ. ಎಡಕ್ಕೆ ಸರಿಯಬೇಕಾದರೆ ಸೈಕಲ್ ಎಡಕ್ಕೆ ವಾಲಬೇಕು. ವಾಲಬೇಕಾದರೆ ಮುಂದಿನ ಚಕ್ರ ಒಂದು ಕ್ಷಣ ಬಲಕ್ಕೆ ಹೋಗಿ ಬರಬೇಕು. ಆದ್ದರಿಂದ ನಿಮ್ಮ ಹಾರನ್ನಿಗೆ ಗಾಬರಿಯಾಗಿ ಎಡಕ್ಕೆ ಸರಿಯಲು ಹೋದವನು ಮೊದಲು ಬರುವುದು ನಿಮ್ಮ ಕಡೆಗೇ. ಸೊಪ್ಪಿನ ಯಜಮಾನರು ಸುಳ್ಳು ಹೇಳಿಲ್ಲ.

ಹಾರನ್ ಬೇಡವೇ ಬೇಡ ಎನ್ನುವುದಿಲ್ಲ. ಹೊಡೆಯುವುದಾದರೆ ಇಪ್ಪತ್ತು, ಮೂವತ್ತು ಮೀಟರ್ ಹಿಂದಿನಿಂದ, ಒಮ್ಮೆ, ಮೆತ್ತಗೆ. ಬೆನ್ನ ಹಿಂದೆ ಬಂದು ಒತ್ತಿದರೆ ಅದು ಸೂಚನೆಯಲ್ಲ, ಪೆಟ್ಟು.

ಬೆಟ್ಟದ ಬಗ್ಗೆ ಒಂದೇ ಮಾತು. ನಂದಿಯ ಕಡೆಯ ತಿರುವುಗಳಲ್ಲಿ ಇಳಿಯುವ ಸೈಕಲ್ ಕಾರಿನಷ್ಟೇ ವೇಗದಲ್ಲಿರುತ್ತದೆ. ಸೈಕಲ್ ಎಂದರೆ ನಿಧಾನ ಎಂದು ಲೆಕ್ಕ ಹಾಕಿ ತಿರುವಿನಲ್ಲಿ ದಾಟಲು ಹೋಗಬೇಡಿ. ಬೆಳಿಗ್ಗೆ ಆರರಿಂದ ಎಂಟರವರೆಗೆ ಅಲ್ಲಿ ಮಂಗಗಳೂ ರಸ್ತೆಗೆ ಇಳಿದಿರುತ್ತವೆ. ಅವು ನಮಗಿಂತ ಚೆನ್ನಾಗಿ ಎರಡೂ ಕಡೆ ನೋಡುತ್ತವೆ.

ನೇರ ಮಾತು | ಸೋಮವಾರ, ರಾತ್ರಿ 9.05

ಮಾರು ಬಿಡಬೇಕಂತೆ. ಸಯ್ಯಾಜಿರಾವ್ ರಸ್ತೆಯಲ್ಲಿ ಸಂಜೆ ಆರು ಗಂಟೆಗೆ ನನಗೆ ಒಂದು ಮೊಳ ತೋರಿಸಿ, ಮಾರು ಆಮೇಲೆ. ಅದೂ ಹೂವಾಡಗಿತ್ತಿಯ ಮೊಳವಾದರೂ ಆಗಬಹುದು, ಮೊಣಕೈಯಿಂದ ಅಳೆಯಲು ಹೊರಟು ಮಣಿಕಟ್ಟಿನಲ್ಲೇ ಮುಗಿಯುವಂಥದ್ದು.

ಎಲ್ ಬೋರ್ಡ್ | ಮಂಗಳವಾರ, ಬೆಳಿಗ್ಗೆ 7.30

ಹೂವಾಡಗಿತ್ತಿಯ ಮೊಳಕ್ಕೆ ನಕ್ಕೆ. ಆದರೆ ಪ್ರಶ್ನೆ ಸರಿಯಾಗಿದೆ. ನಾನು ಚಾಲನಾ ಶಾಲೆಯಲ್ಲಿ ಕಲಿಸುವವನು, ಲೆಕ್ಕ ಹಾಕಿ ನೋಡೋಣ.

ಎರಡೂ ಕಡೆ ವಾಹನ ಓಡಾಡುವ ಏಳು ಮೀಟರ್ ಅಗಲದ ರಸ್ತೆ ತೆಗೆದುಕೊಳ್ಳಿ. ನಡುವಿನ ಬಿಳಿ ಗೆರೆ ಮೂರೂವರೆ ಮೀಟರಿಗೆ ಬರುತ್ತದೆ. ಸೈಕಲ್ಲಿನವರು ಅಂಚಿನಿಂದ ಅರ್ಧ ಮೀಟರ್ ಒಳಗೆ ಬರುತ್ತಾರೆ, ಬರಲೇಬೇಕು, ಅಂಚಿನಲ್ಲಿ ಮರಳು, ಗಾಜು, ಚರಂಡಿಯ ಜಾಲರಿ. ಹ್ಯಾಂಡಲ್ಲಿನ ಅರ್ಧ ಅಗಲ ಮೂವತ್ತು ಸೆಂಟಿಮೀಟರ್. ಅಲ್ಲಿಂದ ಒಂದೂವರೆ ಮೀಟರ್ ಬಿಟ್ಟರೆ 2.3. ಕನ್ನಡಿ ಸೇರಿ ಕಾರಿನ ಅಗಲ ಸುಮಾರು ಎರಡು ಮೀಟರ್. ಒಟ್ಟು 4.3. ಅಂದರೆ ಬಲಗಡೆಯ ಚಕ್ರಗಳು ಬಿಳಿ ಗೆರೆ ದಾಟಲೇಬೇಕು. ಎದುರಿನಿಂದ ವಾಹನ ಬರುತ್ತಿದ್ದರೆ, ಅಥವಾ ದಾಟಬಾರದೆಂದು ಒಡೆಯದ ಗೆರೆ ಎಳೆದಿದ್ದರೆ, ಸೈಕಲ್ ದಾಟಲು ಜಾಗವೇ ಇಲ್ಲ ಎಂದರ್ಥ. ನಮ್ಮವರು “ಸೈಕಲ್ ತಾನೇ, ಅದೇ ಓಣಿಯಲ್ಲಿ ತೂರಿಕೊಳ್ಳುತ್ತೇನೆ” ಎಂದುಕೊಳ್ಳುವುದೇ ಎಡವಟ್ಟು. ಮುಂದಿರುವುದು ಸೈಕಲ್ಲಲ್ಲ, ಎತ್ತಿನಗಾಡಿ ಎಂದುಕೊಳ್ಳಿ. ಎತ್ತಿನಗಾಡಿಯನ್ನು ಯಾರೂ ತೂರಿಕೊಂಡು ದಾಟುವುದಿಲ್ಲ.

ಹಾಗಾದರೆ ಹಿಂದೆ ಕಾಯುವುದರಿಂದ ಆಗುವ ನಷ್ಟವೆಷ್ಟು? ಸೈಕಲ್ ಹಿಂದೆ ಹದಿನೈದರ ವೇಗದಲ್ಲಿ ಹತ್ತು ಸೆಕೆಂಡು ಹೋದಿರಿ ಎನ್ನಿ. ಆ ದೂರ ಸುಮಾರು 42 ಮೀಟರ್. ನಲವತ್ತರ ವೇಗದಲ್ಲಿ ಅದಕ್ಕೆ ನಾಲ್ಕು ಸೆಕೆಂಡು ಸಾಕು. ನಷ್ಟ ಆರು ಸೆಕೆಂಡು. ಅದನ್ನು ಮುಂದಿನ ಸಿಗ್ನಲ್ಲಿನಲ್ಲಿ ಹೇಗೂ ಕಳೆಯುತ್ತೀರಿ, ಆ ಸೈಕಲ್ಲೇ ಬಂದು ನಿಮ್ಮ ಪಕ್ಕ ನಿಲ್ಲುತ್ತದೆ.

ಸಯ್ಯಾಜಿರಾವ್ ರಸ್ತೆಯ ಮಾತು ಬೇರೆ. ಸಂಜೆ ಅಲ್ಲಿ ಎಲ್ಲರೂ ಸೈಕಲ್ ವೇಗದಲ್ಲೇ ಹೋಗುವುದು. ದಾಟುವ ಪ್ರಶ್ನೆ ಎಲ್ಲಿ ಬಂತು?

ಕಲಿಯುವವರಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು ಇದಲ್ಲ, ಇನ್ನೊಂದು. ಎಡಕ್ಕೆ ತಿರುಗಬೇಕು, ಮುಂದೆ ಸೈಕಲ್ ಇದೆ. ಅವಸರದಲ್ಲಿ ಅದನ್ನು ದಾಟಿ ತಕ್ಷಣ ಎಡಕ್ಕೆ ತಿರುಗಿಸುತ್ತಾರೆ. ನೇರ ಹೋಗುವ ಸೈಕಲ್ಲಿನವನಿಗೆ ಎದುರಿಗೆ ದಿಢೀರನೆ ಗೋಡೆ ಎದ್ದ ಹಾಗೆ. ತಿರುವು ಹತ್ತಿರವಿದ್ದರೆ ಅವನ ಹಿಂದೆಯೇ ಇದ್ದು, ಅವನು ಮುಂದೆ ಹೋದ ಮೇಲೆ ತಿರುಗಿ. ಮಳೆಯಲ್ಲಂತೂ ಹಳೆಯ ಸೈಕಲ್‌ಗಳ ಸರಳಿನ ಬ್ರೇಕು ಒದ್ದೆಯಾದ ಉಕ್ಕಿನ ರಿಮ್ಮಿಗೆ ಹಿಡಿಯುವುದೇ ಇಲ್ಲ. ನೀವು ಅಡ್ಡ ಬಂದರೆ ಅವನು ಕಾಲು ಊರಿ ನಿಲ್ಲಿಸಬೇಕು.

ಮದ್ದೂರು ಟೀಚರ್ | ಮಂಗಳವಾರ, ಸಂಜೆ 5.50

ಮೈಸೂರಿನವರೇ ಮಾತನಾಡುತ್ತಿದ್ದೀರಿ, ನಮ್ಮ ಕಡೆಯದೂ ಕೇಳಿ.

ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದಾಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಏಳನೆಯದಕ್ಕೇ ಶಾಲೆ ಬಿಡುತ್ತಿದ್ದ ಹೆಣ್ಣುಮಕ್ಕಳು ನಾಲ್ಕೈದು ಕಿಲೋಮೀಟರ್ ತುಳಿದುಕೊಂಡು ಪ್ರೌಢಶಾಲೆಗೆ ಬಂದದ್ದನ್ನು ಕಣ್ಣಾರೆ ಕಂಡೆ. ಸೈಕಲ್ ಕೊಟ್ಟರು. ತುಳಿಯಲು ರಸ್ತೆ?

ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರು, ಎಂಜಿನ್ ಇಲ್ಲದ ವಾಹನ ಯಾವುದೂ ಬರುವಂತಿಲ್ಲ ಎಂದರು. ಸರಿಯಾದ ನಿರ್ಧಾರವೇ, ನೂರರ ವೇಗದ ನಡುವೆ ಸೈಕಲ್ಲಿಗೆ ಏನು ಕೆಲಸ. ಆದರೆ ಹಾಗೆ ಹೊರಗಿಟ್ಟವರೆಲ್ಲ ಸರ್ವಿಸ್ ರಸ್ತೆಗೆ ಬಂದರು. ಟೋಲ್ ತಪ್ಪಿಸಿಕೊಳ್ಳುವ ಕಾರುಗಳೂ ಅಲ್ಲಿಗೇ ಬಂದವು, ದಶಪಥದ ವೇಗವನ್ನು ಕಾಲಿಗೆ ಅಂಟಿಸಿಕೊಂಡೇ. ಕಬ್ಬಿನ ಟ್ರ್ಯಾಕ್ಟರು, ಹಾಲಿನ ವ್ಯಾನು, ಊರೂರಿಗೆ ನಿಲ್ಲುವ ಬಸ್ಸು, ಇವುಗಳ ನಡುವೆ ಸಮವಸ್ತ್ರದ ಮಕ್ಕಳು ಮೂರು ಮೂರು ಜನ ಸಾಲಾಗಿ ಹರಟೆ ಹೊಡೆಯುತ್ತಾ.

ಮಕ್ಕಳು ಎದುರು ದಿಕ್ಕಿನಲ್ಲಿ ಬರುತ್ತಾರೆ, ನಿಜ. ಕೆಳಸೇತುವೆ ದೂರವಿದ್ದರೆ ಯಾವ ಮಗು ಅಷ್ಟು ಸುತ್ತಿ ಬರುತ್ತದೆ? ನಾನು ಬೈಯುತ್ತೇನೆ, ಆದರೂ ಬೈಯುವ ನನಗೇ ಸಂಕಟ. ಸಾಲಾಗಿ ಒಬ್ಬರ ಹಿಂದೆ ಒಬ್ಬರು ಹೋಗಿ ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ವಾರಕ್ಕೊಮ್ಮೆ ಹೇಳುತ್ತೇವೆ.

ಚಾಲಕರಿಗೆ ಒಂದು ಕೋರಿಕೆ. ರಸ್ತೆ ಬದಿಯ ಮಣ್ಣು ಖಾಲಿ ಇದೆಯಲ್ಲ, ಸೈಕಲ್ ಅಲ್ಲಿಗೆ ಇಳಿಯಲಿ ಎಂದು ಹಾರನ್ ಹೊಡೆಯಬೇಡಿ. ಡಾಂಬರಿಗೂ ಮಣ್ಣಿಗೂ ನಡುವೆ ನಾಲ್ಕು ಬೆರಳಿನಿಂದ ಗೇಣಿನವರೆಗೆ ತಗ್ಗು ಇರುತ್ತದೆ. ಸೈಕಲ್ಲಿನ ಸಣ್ಣ ಚಕ್ರ ಓರೆಯಾಗಿ ಆ ಅಂಚಿಗೆ ಸಿಕ್ಕರೆ ಮಗು ಬೀಳುವುದು ಮಣ್ಣಿನ ಕಡೆಗಲ್ಲ, ರಸ್ತೆಯ ಕಡೆಗೆ. ನಮ್ಮ ಶಾಲೆಯ ಹುಡುಗಿಯೊಬ್ಬಳು ಹಾಗೆ ಬಿದ್ದು ಕೈ ಮುರಿದುಕೊಂಡಳು. ಹಾರನ್ ಹೊಡೆದ ಗಾಡಿ ಅವಳಿಗೆ ತಾಗಲೂ ಇಲ್ಲ, ನಿಲ್ಲಲೂ ಇಲ್ಲ.

ಸುಗ್ಗಿಯಲ್ಲಿ ಇನ್ನೊಂದು ಪಾಡು. ರಾಗಿ, ಹುರುಳಿ ರಸ್ತೆಗೇ ಹರಡಿ ಒಕ್ಕಣೆ. ಕಾರಿನವರಿಗೆ ಅದು ಮೆತ್ತನೆಯ ಹಾಸು, ಸೈಕಲ್ಲಿಗೆ ಎಣ್ಣೆ ಸವರಿದ ಹಾಗೆ. ಹುಲ್ಲು ಹಾಸಿದ ಕಡೆ ಸೈಕಲ್ ಇದ್ದಕ್ಕಿದ್ದಂತೆ ಬಲಕ್ಕೆ ಬರುತ್ತದೆ ಎಂದು ಮೊದಲೇ ತಿಳಿದುಕೊಂಡು ನಿಧಾನಿಸಿ.

ಕಬ್ಬಿನ ಗಾಡಿ | ಮಂಗಳವಾರ, ರಾತ್ರಿ 9.30

ಟೀಚರಮ್ಮ ಹೇಳಿದ್ದು ನನ್ನಂಥವರ ವಿಷಯವೇ, ಅದಕ್ಕೆ ಬರೆಯುತ್ತಿದ್ದೇನೆ. ಪಾಂಡವಪುರದ ಕಡೆಯವನು. ಸ್ವಂತ ಟ್ರ್ಯಾಕ್ಟರ್ ಇದೆ, ಸೀಸನ್ನಿನಲ್ಲಿ ಕಾರ್ಖಾನೆಗೂ ಆಲೆಮನೆಗೂ ಕಬ್ಬು ಹೊಡೆಯುತ್ತೇನೆ.

ಟ್ರ್ಯಾಕ್ಟರ್ ಮೇಲೆ ಕುಳಿತವನಿಗೆ ಹಿಂದೆ ನಡೆಯುವುದು ಯಾವುದೂ ಕೇಳುವುದಿಲ್ಲ, ಟ್ರೇಲರ್ ತುಂಬಿದ ಮೇಲೆ ಕಾಣುವುದೂ ಇಲ್ಲ. ಕಬ್ಬಿನ ತುದಿ ಎರಡೂ ಕಡೆ ಒಂದೊಂದು ಮೊಳ ಚಾಚಿಕೊಂಡಿರುತ್ತದೆ. ಮುಂದಿನ ಎಂಜಿನ್ ಅಗಲ ನೋಡಿ ಜಾಗ ಬಿಟ್ಟರೆ ಸಾಲದು, ಹಿಂದಿನ ಹೊರೆಯ ಅಗಲ ನೋಡಿ ಬಿಡಬೇಕು. ಇದು ನನಗೆ ತಡವಾಗಿ ಅರ್ಥವಾಯಿತು. ಒಂದು ಸಲ ಹೊಳಲು ದಾರಿಯಲ್ಲಿ ಜಲ್ಲೆಯ ತುದಿ ಒಬ್ಬರ ಟವೆಲ್ಲಿಗೆ ಸಿಕ್ಕಿ ಎಳೆಯಿತು. ಟವೆಲ್ ಹರಿದು ಬಂತು, ಮನುಷ್ಯ ಬಚಾವಾದ. ಟವೆಲ್ ಗಟ್ಟಿ ಇದ್ದಿದ್ದರೆ? ಆಮೇಲೆ ಹೊರೆ ಕಟ್ಟುವಾಗ ಚಾಚಿದ್ದನ್ನು ಕತ್ತರಿಸಿ, ಹಿಂದೆ ಕೆಂಪು ರೇಡಿಯಂ ಪಟ್ಟಿ ಹಚ್ಚಿಸಿದ್ದೇನೆ. ಎಲ್ಲರೂ ಹಚ್ಚುವುದಿಲ್ಲ, ಅದಕ್ಕೆ ನಾನೇನು ಹೇಳಲಿ.

ಟೀಚರಮ್ಮನಿಗೂ ಒಂದು ದೂರು. ನಿಮ್ಮ ಮಕ್ಕಳು ಸೈಕಲ್ಲಿನಲ್ಲಿ ಬಂದು ಓಡುವ ಟ್ರೇಲರ್ ಹಿಡಿದುಕೊಂಡು ಹೋಗುತ್ತಾರೆ, ಒಂದು ಕೈಯಲ್ಲಿ ಜಲ್ಲೆ ಕೀಳುತ್ತಾರೆ. ನಾನೂ ಚಿಕ್ಕವನಾಗಿದ್ದಾಗ ಕಿತ್ತಿದ್ದೇನೆ, ಆಗ ಅದು ಎತ್ತಿನಗಾಡಿ. ಕಬ್ಬು ಬೇಕಿದ್ದರೆ ನಿಲ್ಲಿಸಿ ಕೇಳಲಿ, ಕೊಡುತ್ತೇನೆ. ಅದನ್ನೂ ಪ್ರಾರ್ಥನೆಯಲ್ಲಿ ಹೇಳಿಬಿಡಿ.

ನೇರ ಮಾತು | ಮಂಗಳವಾರ, ರಾತ್ರಿ 10.10

ನೋಡಿ, ನಾನು ಹೇಳಿದ್ದೇ ಬಂತು. ಎದುರು ದಿಕ್ಕು, ಮೂರು ಜನ ಸಾಲು, ಟ್ರೇಲರ್ ಹಿಡಿದು ಜೋತಾಡುವುದು. ಇವರೆಲ್ಲ ಸರಿಯಾಗುವವರೆಗೆ ಕಾರಿನವರಿಗೆ ಪಾಠ ಹೇಳುವುದು ಯಾವ ನ್ಯಾಯ?

ಬೆಳಗಿನ ಬೆಟ್ಟ | ಮಂಗಳವಾರ, ರಾತ್ರಿ 10.25

ಹದಿಮೂರು ವರ್ಷದ ಮಗು ತಪ್ಪು ಮಾಡುತ್ತದೆ, ಒಪ್ಪಿದೆ. ಆ ತಪ್ಪಿಗೆ ನಿಮ್ಮ ಬಂಪರ್ ಶಿಕ್ಷೆ ಕೊಡಬೇಕೇ? ನಾನು ತಪ್ಪಿದರೆ ನಿಮ್ಮ ಕಾರಿಗೆ ಗೀರು ಬೀಳುತ್ತದೆ. ನೀವು ತಪ್ಪಿದರೆ ನನ್ನ ಮನೆಯವರು ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಪಾಠ ಯಾರಿಗೆ ಮೊದಲು ಎಂದು ನೀವೇ ಹೇಳಿ.

ವೇದಿಕೆಯ ನಿರ್ವಾಹಕ | ಮಂಗಳವಾರ, ರಾತ್ರಿ 10.31

ಇಬ್ಬರೂ ಸ್ವಲ್ಪ ಸಾವಧಾನ. ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಮೂಲ ಪ್ರಶ್ನೆ ದಾಟುವುದು ಹೇಗೆ ಎಂಬುದು.

ಅರಸು ರಸ್ತೆ | ಬುಧವಾರ, ಬೆಳಿಗ್ಗೆ 11.00

ದಾಟುವುದಷ್ಟೇ ಅಲ್ಲ, ನಿಂತ ಕಾರೂ ಹೊಡೆಯುತ್ತದೆ. ದೇವರಾಜ ಅರಸು ರಸ್ತೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮನೆಯಿಂದ ಅಂಗಡಿಗೆ ಸೈಕಲ್. ಹಿಂದಿನ ವರ್ಷ ನಿಂತಿದ್ದ ಕಾರಿನ ಬಾಗಿಲು ಧಡಾರನೆ ತೆರೆಯಿತು. ಬಾಗಿಲಿನ ಅಂಚು ಹ್ಯಾಂಡಲ್ಲಿಗೆ ಬಡಿದು, ಹಿಂದೆ ಬರುತ್ತಿದ್ದ ಆಟೋದ ಮುಂದೆ ಬಿದ್ದೆ. ಆಟೋದಣ್ಣ ಬ್ರೇಕ್ ಹಾಕಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಕಾರಿನಿಂದ ಇಳಿದವರು “ನೋಡಿಕೊಂಡು ಬರಬಾರದೇನಮ್ಮ” ಎಂದರು!

ಆಮೇಲೆ ನನ್ನ ಅಣ್ಣ ಒಂದು ಉಪಾಯ ಹೇಳಿದ. ನಮ್ಮ ಕಾರುಗಳಲ್ಲಿ ಚಾಲಕ ಬಲಗಡೆ ಕೂರುತ್ತಾನಲ್ಲ, ಬಾಗಿಲನ್ನು ಬಲಗೈಯಲ್ಲಿ ತೆಗೆಯದೆ ಎಡಗೈ ಚಾಚಿ ತೆಗೆಯಬೇಕು. ಎಡಗೈ ಅಷ್ಟು ದೂರ ಹೋಗಬೇಕಾದರೆ ಮೈ ತಾನಾಗಿ ಬಲಕ್ಕೆ ತಿರುಗುತ್ತದೆ, ಕಣ್ಣು ಹಿಂದಿನ ರಸ್ತೆಗೆ ಬೀಳುತ್ತದೆ. ಇದು ನೆದರ್ಲೆಂಡ್ಸ್ ದೇಶದ ಅಭ್ಯಾಸವಂತೆ. ಬ್ರಿಟನ್ನಿನವರು 2022ರಲ್ಲಿ ತಮ್ಮ ರಸ್ತೆ ನಿಯಮಗಳ ಪುಸ್ತಕಕ್ಕೇ ಸೇರಿಸಿಕೊಂಡರು. ನಾನು ನಮ್ಮ ಮನೆಯ ಎಲ್ಲರಿಗೂ ಕಲಿಸಿದ್ದೇನೆ, ಅಜ್ಜಿಗೂ. ಅಜ್ಜಿ ಹಿಂದಿನ ಸೀಟಿನ ಎಡಗಡೆ ಕೂರುವುದರಿಂದ ಅವರಿಗೆ ಬಲಗೈ.

ಎಡಗಡೆಯ ಬಾಗಿಲೂ ನಿರಪಾಯವಲ್ಲ. ಶಾಲೆಯ ಮುಂದೆ ನಡುರಸ್ತೆಯಲ್ಲೇ ಕಾರು ನಿಲ್ಲಿಸಿ ಮಕ್ಕಳನ್ನು ಎಡಕ್ಕೆ ಇಳಿಸುತ್ತಾರೆ, ಕಾರಿಗೂ ಪಾದಚಾರಿ ಮಾರ್ಗಕ್ಕೂ ನಡುವೆ ಸೈಕಲ್ ಬರುತ್ತಿರುತ್ತದೆ.

ಕರಿಕೋಟು | ಬುಧವಾರ, ಮಧ್ಯಾಹ್ನ 2.20

ಬೋಗಾದಿಯವರು ಒಂದು ಕೆಲಸ ಮಾಡಿರುವಂತೆ ಕಾಣಲಿಲ್ಲ, ಆದ್ದರಿಂದ ಬರೆಯುತ್ತೇನೆ. ಮೋಟಾರು ವಾಹನ ಕಾಯ್ದೆ, 1988ರ 134ನೆಯ ಕಲಮಿನ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಹೊಣೆ. ಅದನ್ನು ನೀವು ಮಾಡಿದ್ದೀರಿ. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು, ವಿಮೆಯವರಿಗೂ ಲಿಖಿತವಾಗಿ ತಿಳಿಸಬೇಕು. ಸಣ್ಣ ಗಾಯ, ದುಡ್ಡು ಕೊಟ್ಟಾಯಿತು, ಮಾತು ಮುಗಿಯಿತು ಎನ್ನುವುದು ನಮ್ಮ ರೂಢಿ. ನಾಲ್ಕು ದಿನದ ಮೇಲೆ ಆ ಹಿರಿಯರ ಮೊಣಕಾಲು ಊದಿದರೆ ನಷ್ಟ ಅವರಿಗೆ, ತೊಡಕು ನಿಮಗೆ. ಮೂರನೆಯವರ (ಥರ್ಡ್ ಪಾರ್ಟಿ) ವಿಮೆ ಇರುವುದು ಇದಕ್ಕೇ, ಸೈಕಲ್ಲಿನವರಿಗೂ ಅದು ಅನ್ವಯಿಸುತ್ತದೆ.

ಇತರರಿಗೆ ಅಪಾಯವಾಗುವಂತೆ ಓಡಿಸುವುದು 184ನೆಯ ಕಲಮಿನಲ್ಲಿ ಬರುತ್ತದೆ. 2019ರ ತಿದ್ದುಪಡಿಯ ನಂತರ ನಿಯಮಕ್ಕೆ ವಿರುದ್ಧವಾಗಿ ದಾಟುವುದನ್ನೂ ಅದರಲ್ಲಿ ಹೆಸರಿಸಿದ್ದಾರೆ. ಮೊದಲ ಬಾರಿಗೆ ಒಂದರಿಂದ ಐದು ಸಾವಿರ ರೂಪಾಯಿ ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷ ಜೈಲು, ಅಥವಾ ಎರಡೂ.

ಮದ್ದೂರಿನ ಟೀಚರ್ ಅವರಿಗೆ: ಡಿಕ್ಕಿ ಹೊಡೆದ ಗಾಡಿ ಯಾವುದೆಂದು ಪತ್ತೆಯಾಗದಿದ್ದರೂ ಪರಿಹಾರವಿದೆ. 2022ರ ಏಪ್ರಿಲ್‌ನಿಂದ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ನಿಮ್ಮ ವಿದ್ಯಾರ್ಥಿನಿಗೆ ಗಾಡಿ ತಾಗದೇ ಇದ್ದುದರಿಂದ ವಾದ ಕಷ್ಟ, ಆದರೂ ದೂರು ದಾಖಲಿಸಬಹುದಿತ್ತು. ಇನ್ನು ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ಹೇಳು, ಸಾಕ್ಷಿ ಹೇಳು ಎಂದು ಒತ್ತಾಯಿಸುವಂತಿಲ್ಲ, 134ಎ ಕಲಮು ಇರುವುದೇ ಅದಕ್ಕೆ. ಕೋರ್ಟು ಕಚೇರಿಯ ಹೆದರಿಕೆಯಿಂದ ಯಾರೂ ಮುಖ ತಿರುಗಿಸಿ ಹೋಗಬೇಕಾಗಿಲ್ಲ.

ಪಂಕ್ಚರ್ ಅಂಗಡಿ | ಬುಧವಾರ, ಸಂಜೆ 7.10

ನೇರ ಮಾತು ಅವರಿಗೆ ಬೆಂಬಲವಾಗಿ ಅರ್ಧ ಮಾತು. ನನ್ನ ಅಂಗಡಿಗೆ ಬರುವ ಹತ್ತು ಸೈಕಲ್ಲಿನಲ್ಲಿ ಎಂಟಕ್ಕೆ ಹಿಂದಿನ, ಬೆಳಕು ಬಿದ್ದರೆ ಹೊಳೆಯುವ ಕೆಂಪು ಗಾಜು ಒಡೆದಿರುತ್ತದೆ. ಹಾಕಿಕೊಡುತ್ತೇನೆ ಎಂದರೆ ಬೇಡ ಎನ್ನುತ್ತಾರೆ. ಪೆಡಲ್ಲಿನ ಹಳದಿ ಗಾಜು ಇನ್ನೂ ಮುಖ್ಯ, ಅದು ಮೇಲೆ ಕೆಳಗೆ ಆಡುವುದರಿಂದ ರಾತ್ರಿ ದೂರದಿಂದಲೇ ಸೈಕಲ್ ಎಂದು ಗೊತ್ತಾಗುತ್ತದೆ. ಈ ಊರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಯೋಜನೆ ಬಂದಾಗ 450 ಹೊಸ ಸೈಕಲ್ ಒಟ್ಟಿಗೆ ರಸ್ತೆಗಿಳಿದವು, ದೀಪ, ಗಾಜು ಎಲ್ಲ ಥಳಥಳ. ಆಗ ಕೆಲವರು ತಮ್ಮ ಸೈಕಲ್ಲಿಗೂ ಹಾಕಿಸಿಕೊಂಡು ಹೋದರು. ಆಮೇಲೆ ಮತ್ತೆ ಅದೇ ಕತೆ. ಕಾರಿನವರಿಗೆ ಇಷ್ಟೇ ಕೇಳುವುದು: ಎದುರಿಗೆ ಸೈಕಲ್ ಬಂದರೂ ಹೆಡ್‌ಲೈಟ್ ತಗ್ಗಿಸಿ. ಕಾರು ಬಂದರೆ ತಗ್ಗಿಸುತ್ತೀರಿ, ಸೈಕಲ್ಲಿನವನಿಗೆ ಕಣ್ಣಿಲ್ಲವೇ?

ಬೋಗಾದಿ ಕಾರಿನವ | ಗುರುವಾರ, ರಾತ್ರಿ 8.15

ಎಲ್ಲವನ್ನೂ ಓದಿದೆ, ಕೆಲವನ್ನು ಎರಡು ಸಲ. ಕರಿಕೋಟು ಅವರ ಮಾತು ಕೇಳಿ ತಡವಾಗಿಯಾದರೂ ಠಾಣೆಗೆ ಹೋಗಿ ಬರೆದುಕೊಟ್ಟು ಬಂದೆ. ಬೈಸಿಕೊಂಡೆ, ಸರಿಯಾಗಿಯೇ ಬೈದರು.

ಇವತ್ತು ಬೆಳಿಗ್ಗೆ ಸೊಪ್ಪಿನ ಯಜಮಾನರ ಮನೆಗೆ ಹೋದೆ. ಮೊಣಕಾಲು ಇಳಿದಿದೆ, ಆದರೆ ಸೈಕಲ್ಲಿನ ಮುಂದಿನ ಚಕ್ರ ಬಳುಕಿತ್ತು. ಅದನ್ನು ನಾನು ಅವತ್ತು ನೋಡಿಯೇ ಇರಲಿಲ್ಲ. ಮೂರು ದಿನ ಅವರು ಸೊಪ್ಪನ್ನು ಮೊಮ್ಮಗನ ಸ್ಕೂಟರಿನಲ್ಲಿ ಕಳುಹಿಸಿದ್ದಾರೆ. ರಿಮ್ ಬದಲಾಯಿಸಿಕೊಟ್ಟೆ, ಹಿಂದೆ ಕೆಂಪು ದೀಪ ಹಾಕಿಸಿದೆ. ದೀಪ ಮೂಟೆಯ ಹಿಂದೆ ಮುಚ್ಚಿಹೋಗುತ್ತದೆ ಎಂದು ಅವರೇ ಹೇಳಿ ಮಡ್‌ಗಾರ್ಡಿನ ಕೆಳತುದಿಗೆ ಕಟ್ಟಿಸಿದರು. ನನಗೆ ಅದು ಹೊಳೆದಿರಲಿಲ್ಲ.

ಮಾರಿನ ವಿಷಯ ಹೇಳಿದೆ. ನಕ್ಕರು. “ಮಾರು ಬಿಟ್ಟು ದಾಟಿದವರನ್ನು ಲೆಕ್ಕ ಹಾಕಲು ಕೈಬೆರಳು ಸಾಕು ಸ್ವಾಮಿ. ಬಸ್ಸಿನವರಲ್ಲಿ ಕೆಲವರು ಬಿಡುತ್ತಿದ್ದರು” ಎಂದರು. ಹಳಬರೇ, ನೀವಿರಬಹುದೇ?

ವಾಪಸು ಬರುವಾಗ ಮಾರು ಬಿಟ್ಟು ಓಡಿಸಿ ನೋಡಿದೆ. ಕಷ್ಟ ಇರುವುದು ಬೇರೆ ಕಡೆ. ಬಲಗಡೆ ಕುಳಿತವನಿಗೆ ಎಡಮಗ್ಗುಲಿನ ಅಳತೆ ಕಣ್ಣಿಗೆ ಸಿಗುವುದಿಲ್ಲ. ಖಾಲಿ ಮೈದಾನದಲ್ಲಿ ಮಗಳನ್ನು ಎರಡು ಕೈ ಚಾಚಿ ನಿಲ್ಲಿಸಿ ಕನ್ನಡಿಯಲ್ಲಿ ಅದು ಹೇಗೆ ಕಾಣುತ್ತದೆಂದು ನೋಡಿಕೊಂಡೆ. ನಾನು ಒಂದು ಮಾರು ಎಂದುಕೊಂಡದ್ದು ಅವಳ ಮೊಣಕೈಗೆ ಬಂದಿತ್ತು. ನನ್ನದೂ ಹೂವಾಡಗಿತ್ತಿಯ ಮಾರೇ.

ನೇರ ಮಾತು | ಶುಕ್ರವಾರ, ರಾತ್ರಿ 9.20

ಇವತ್ತು ಇರ್ವಿನ್ ರಸ್ತೆಯಲ್ಲಿ ಒಂದು ಸೈಕಲ್ ಹಿಂದೆ ಕಾದೆ. ಹನ್ನೊಂದು ಸೆಕೆಂಡು, ಎಣಿಸಿದ್ದೇನೆ. ಸೈಕಲ್ಲಿನವನು ತಿರುಗಿಯೂ ನೋಡಲಿಲ್ಲ, ಅದು ಬಿಡಿ. ನನ್ನ ಹಿಂದಿದ್ದ ಕಾರಿನವನು ಹನ್ನೊಂದು ಸೆಕೆಂಡೂ ಕೈ ತೆಗೆಯದೆ ಹಾರನ್ ಒತ್ತಿದ. ಆಮೇಲೆ ಎಡಗಡೆಯಿಂದ ನುಗ್ಗಿ, ಸೈಕಲ್ಲಿಗೂ ನನಗೂ ನಡುವೆ ತೂರಿಕೊಂಡು ಹೋದ. ನಾನು ಬಿಟ್ಟ ಮಾರು ಅವನಿಗೆ ದಾರಿಯಾಯಿತು. ಇದಕ್ಕೇನು ಹೇಳುತ್ತೀರಿ?

ಡಿಪೋ ಹಳಬ | ಶುಕ್ರವಾರ, ರಾತ್ರಿ 9.50

ಕಾಯುವಾಗ ಸೈಕಲ್ಲಿನ ನೇರ ಹಿಂದೆಯೇ ಕಾಯಬೇಕು, ಬಲಕ್ಕೆ ಸರಿದು ನಿಂತು ಎಡಗಡೆ ದಾರಿ ತೆರೆದಿಡಬಾರದು. ಹಿಂದಿನವನಿಗೆ ತೂರಲು ಸಂದು ಕಾಣಿಸಿದರೆ ತೂರಿಯೇ ತೂರುತ್ತಾನೆ. ಇನ್ನು ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ, ಅಂಗೈ ಕೆಳಗೆ ಮಾಡಿ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ನಿಧಾನಿಸುತ್ತಿದ್ದೇನೆ ಎಂಬ ಹಳೆಯ ಕೈಸನ್ನೆ, ಪುಸ್ತಕದಲ್ಲಿ ಈಗಲೂ ಇದೆ. ಗಾಜು ಏರಿಸಿಕೊಂಡು ಎ.ಸಿ.ಯಲ್ಲಿ ಕುಳಿತವರು ಮರೆತಿದ್ದಾರೆ. ಮುಂದೆ ಏನೋ ಇದೆ ಎಂದು ಹತ್ತರಲ್ಲಿ ಆರು ಜನರಿಗಾದರೂ ಗೊತ್ತಾಗುತ್ತದೆ.

ಉಳಿದ ನಾಲ್ವರು ಹಾರನ್ ಹೊಡೆಯುತ್ತಾರೆ, ಹೊಡೆಯಲಿ. ಅವರ ಮುಂದೆ ಇರುವುದು ನಿಮ್ಮ ಕಾರು, ಸೈಕಲ್ಲಲ್ಲ.

ಬೋಗಾದಿಯವರೇ, ಆ ರೂಟಿನಲ್ಲಿ ನಾನು ನಾಲ್ಕು ವರ್ಷ ಇದ್ದೆ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಸೊಪ್ಪಿನ ಮೂಟೆಯ ಸೈಕಲ್ ಒಂದಲ್ಲ, ಏಳೆಂಟು ಇರುತ್ತಿದ್ದವು.